ಹಿನ್ನಿಯನ್ನು ಒಪ್ಪಿಸುವಾಗ

ಬಾ ಕೇಟ್ಲಿನ್, ಬೂಟಿನ ಕೆಸರು ಇರಲಿ ಬಿಡು,
ಆ್ಯಶಿಂಗ್ಟನ್ನಿನ ಈ ಆರನೇ ಸಾಲಿನ ಮನೆಗಳ ನೆಲ
ಕಂಡಿರುವ ಮಸಿಗೆ ಲೆಕ್ಕವಿಲ್ಲ.
ಕೂರು. ನೀನಾಗಿ ಕೈ ಚಾಚಬೇಡ.
ಮೊದಲು ಅವಳು ಮೂಸಲಿ,
ಪರಿಚಯ ಅವಳ ಕೆಲಸ, ನಿನ್ನದಲ್ಲ.

ಹಿನ್ನಿ ಅಂದರೆ ನಮ್ಮ ಕಡೆ ಜೇನು.
ಹೆಸರಿಟ್ಟಾಗ ಅವಳ ಹಲ್ಲು ನಾನಿನ್ನೂ ನೋಡಿರಲಿಲ್ಲ.

ಬೀದಿಯಲ್ಲಿ ನಗುತ್ತಾರೆ, ನಗಲಿ:
"ಏನು ಕತ್‌ಬರ್ಟ್, ಕುರಿಮರಿಗೆ ಪಟ್ಟಿ ಕಟ್ಟಿದ್ದೀಯಾ?"
ಬೆಡ್ಲಿಂಗ್ಟನ್ ಟೆರಿಯರ್ ಇರುವುದೇ ಹಾಗೆ,
ಬೆನ್ನು ಬಿಲ್ಲು, ತಲೆ ಪೇರ್ ಹಣ್ಣು, ಕಿವಿಯ ತುದಿಗೆ ಕುಚ್ಚು.
ಹುಟ್ಟಿದಾಗ ಇವಳು ಕಲ್ಲಿದ್ದಲು,
ಎತ್ತಿಕೊಂಡವನು ಅಂಗೈ ನೋಡಿಕೊಂಡಿದ್ದೆ.
ಬರಬರುತ್ತ ಬೂದಿಯಾದಳು.

ಬೂದಿ ಮುಚ್ಚಿದ ಕೆಂಡ ಅನ್ನುವುದು
ಮೂವತ್ತೊಂದು ವರ್ಷ ಗಣಿಗಿಳಿದವನಿಗೆ ಬರೀ ಗಾದೆಯಲ್ಲ.
ಒಲೆ ಮುಂದೆ ಇವಳಷ್ಟು ಸಾಧು ಇನ್ನೊಬ್ಬಳಿಲ್ಲ.
ಜಗಳ ಹುಡುಕಿಕೊಂಡು ಹೋಗುವವಳಲ್ಲ,
ತಾನಾಗಿ ಬಂದದ್ದನ್ನು ಬಿಡುವವಳೂ ಅಲ್ಲ.
ಬೊಗಳುವುದಿಲ್ಲ, ಅದೇ ಅಪಾಯ.
ಮೈ ಬಿಗಿದು, ಕಣ್ಣು ಸಣ್ಣದಾಗಿ,
ಉಸಿರು ನಿಂತಂತಾದರೆ ಹಗ್ಗ ಗಿಡ್ಡ ಮಾಡು.
ಬಯ್ಯಬೇಡ. ಬಯ್ದದ್ದನ್ನು ವಾರಗಟ್ಟಲೆ ಸಾಕುತ್ತಾಳೆ.

ತೋಟದ ಶೆಡ್ಡಿಗೆ ಕರೆದೊಯ್ಯಿ, ಇಲಿ ಅವಳ ಹಕ್ಕು.
ಆದರೆ ನೆಡ್ ಫೆನ್‌ವಿಕ್‌ನ ಪಾತಿಯ ಬಳಿ ಮಾತ್ರ ಬೇಡ.
ಸ್ಪರ್ಧೆಗೆಂದು ಮಗುವಿನಂತೆ ಬೆಳೆಸಿದ್ದ
ತೋಳಿನ ದಪ್ಪದ ಲೀಕ್ ಗಿಡಗಳು,
ಹಿಂದಿನ ಸಂಜೆ ನಾಲ್ಕು ಬುಡಮೇಲು.
ನೆಡ್ ಈಗಲೂ ನನ್ನೊಡನೆ ಹವಾಮಾನ ಬಿಟ್ಟು ಬೇರೆ ಮಾತಾಡುವುದಿಲ್ಲ.

ಕೂದಲು ಉದುರುವುದಿಲ್ಲ, ಅದಕ್ಕೇ ಗಂಟಾಗುತ್ತದೆ.
ದಿನ ಬಿಟ್ಟು ದಿನ ಬಾಚು, ಕಂಕುಳು ಮರೆಯಬೇಡ.
ಆರು ವಾರಕ್ಕೊಮ್ಮೆ ಕತ್ತರಿ.
ಕಿವಿಯ ಕುಚ್ಚು ಉಳಿಸು, ಅದು ಅವಳ ಮರ್ಯಾದೆ.
ಈ ಎಡ ಭುಜದಲ್ಲಿ ಕಪ್ಪು ಕಂಡೆಯಾ?
ಕೊಳೆಯಲ್ಲ, ತಿಕ್ಕಬೇಡ.
ಮುಳ್ಳುತಂತಿ ಹರಿದ ಜಾಗ.
ಗಾಯವಾದಲ್ಲಿ ಇವರಿಗೆ ಹುಟ್ಟುಬಣ್ಣ ಮರಳಿ ಬರುತ್ತದೆ,
ಆಮೇಲೆ ನಿಧಾನ ಮಾಸುತ್ತದೆ.
ನನ್ನ ಮೊಣಕೈಯ ನೀಲಿ ಗೆರೆ ಹಾಗಲ್ಲ,
ಒಳಗೆ ಸೇರಿದ ಇದ್ದಲು ಒಳಗೇ ಉಳಿಯಿತು.

ಈಗ ಮುಖ್ಯವಾದ್ದು, ಬರೆದುಕೋ ಬೇಕಾದರೆ.
ಈಲಿ ಹಾಕಕೂಡದು. ಎಷ್ಟು ಗೋಗರೆದರೂ.
ಇವಳ ಈಲಿಯಲ್ಲಿ ತಾಮ್ರ ಕೂರುತ್ತದೆ,
ತಳಿಯ ರಕ್ತದಲ್ಲೇ ಬಂದದ್ದು, ಹೊರಗೆ ಹೋಗಲು ದಾರಿಯಿಲ್ಲ.
ಬಿಳಿ ಮಾತ್ರೆ ಹೊಟ್ಟೆ ಖಾಲಿಯಿದ್ದಾಗ.
ಉಗುಳುತ್ತಾಳೆ. ಮತ್ತೆ ಕೊಡು. ಮತ್ತೆ ಉಗುಳುತ್ತಾಳೆ.
ಬೆಳಗಿನ ನೀರು ಕೊಳಾಯಿಯಿಂದ ನೇರ ಹಿಡಿಯಬೇಡ,
ರಾತ್ರಿಯೆಲ್ಲ ತಾಮ್ರದ ಕೊಳವೆಯಲ್ಲಿ ಮಲಗಿದ ನೀರು,
ನೂರು ಎಣಿಸುವ ತನಕ ಹರಿಯಬಿಡು.
ನಾನು ನಲವತ್ತಕ್ಕೇ ಕೆಮ್ಮಿ ನಿಲ್ಲಿಸುತ್ತೇನೆ,
ನೀನು ಚಿಕ್ಕವಳು, ನೂರು ಎಣಿಸು.

ಪಶುವೈದ್ಯೆ ಅವಳ ಚಿತ್ರ ಬೆಳಕಿಗೆ ಹಿಡಿದಳು,
ಅದೇ ವಾರ ಡಾಕ್ಟರು ನನ್ನದನ್ನು.
ನಾನು ಇಬ್ಬರಿಗೂ ಒಂದೇ ಪ್ರಶ್ನೆ ಕೇಳಿದೆ,
ಇಬ್ಬರೂ ಮೊದಲು ಕನ್ನಡಕ ಒರೆಸಿಕೊಂಡರು.

ಹೇಳದೆ ಉಳಿದದ್ದು ಇನ್ನೇನೋ ಇದೆ.
ಹಾಂ, ಗುಡುಗಿಗೆ ಹೆದರುವುದಿಲ್ಲ, ಬಲೂನಿಗೆ ಹೆದರುತ್ತಾಳೆ.
ಕತ್ತರಿ ಮೇಜಿನ ಡ್ರಾಯರಿನಲ್ಲಿ, ಎಡಗೈಯವರದು,
ನಿನಗೆ ಬೇರೆ ಕೊಳ್ಳಬೇಕಾಗುತ್ತದೆ.

ಅಕೋ, ನಿನ್ನ ಬೂಟಿನ ಮೇಲೆ ಗಲ್ಲ ಇಟ್ಟಳು.
ಈಗ ಅಲ್ಲಾಡಬೇಡ.
ಹೊರಗೆ ಆಸ್ಪತ್ರೆಯ ಗಾಡಿ,
ಹಾರನ್ನು ಒಂದೆರಡು ಸಲ ಹೊಡೆಯಲಿ ಬಿಡು.