ಹೆಳವನ ಹೊತ್ತಿಗಿಯೊಳಗ ಇಲ್ಲದಾಕಿ

ಎಂಟು ವರ್ಷದ ಮ್ಯಾಲ ಹೆಳವ ಬಂದ.
ಅವರಪ್ಪ ಎತ್ತು ಏರಿ ಬರತಿದ್ದ, ಇಂವ ಗಾಡಿ ಮ್ಯಾಲ,
ಪೆಟ್ರೋಲ್ ಟಾಕಿಗೆ ಆತು ಕೆಂಪರಿವ್ಯಾಗ ಸುತ್ತಿದ ಹೊತ್ತಿಗಿ.
ನನ್ನ ಹಣಿ ಎಮ್ಮಿ ಪಕ್ಕಡಿಗೆ ಹತ್ತಿತ್ತು.
"ಕುಂದ್ರಪಾ. ಈಗಷ್ಟ ತೊರಿ ಬಿಟ್ಟಾಳ,
ನಾ ಎದ್ದರ ಏರಿಸಿಕೊಂತಾಳ."

ಕಟ್ಟಿ ಮ್ಯಾಲ ಕುಂತು ಸುರು ಹಚ್ಚಿದ:
ಹಿಪ್ಪರಗಿ ಬಿಟ್ಟು ಬಂದಾಂವ ಸಿದ್ದಮಲ್ಲಪ್ಪ,
ಅವನ ಮಗ ಗುರುಪಾದ, ಗುರುಪಾದಗ ಮೂವರು,
ಒಬ್ಬಂವ ಪ್ಲೇಗಿನ್ಯಾಗ ಹೋದ, ಒಬ್ಬಂವ ಮಠ ಸೇರಿದ,
ಉಳಿದಂವ ಪರಪ್ಪ, ಪರಪ್ಪನ ಮಗ ಈರಗೊಂಡ,
ಈರಗೊಂಡನ ಮಗ ರಾಚಪ್ಪ —
ಗಂಡಸರು ಬಂದರು ಒಬ್ಬರ ಬೆನ್ನಿಗೊಬ್ಬರು
ಡೇರಿ ಮುಂದ ಪಾಳಿ ನಿಂತಂಗ.
ಬರಿ ಬಕೀಟಿನ್ಯಾಗ ಚಿರ್ ಚಿರ್ ಅಂತಿದ್ದ ಹಾಲು
ನೊರಿ ಏರಿ ಬುಸ್ ಬುಸ್ ಅನ್ನೂದರಾಗ
ಅಂವ ನಿಂತ.
"ರಾಚಪ್ಪಗ ಗಂಡಸಂತಾನ ಇಲ್ಲ. ಇಲ್ಲಿಗೆ ಬಳ್ಳಿ ಮುಗೀತು."

ರಾಚಪ್ಪನ ಮಗಳು ನಾನು, ಕರಿಯಾಕ ಹತ್ತೀನಿ.

"ಎಮ್ಮಿ ಬರಕೊಂತಿಯೇನಪಾ?" ಅಂದೆ. ನಕ್ಕ.
ನಾ ನಗಲಿಲ್ಲ.

ಮಹಿಷವಾಡಗಿ ಸಾತವ್ವ ಪರಪ್ಪನ ಹೇಣತಿಯಾಗಿ ಬಂದ ದಿನ
ಆಕಿ ಬೆನ್ನಿಗೆ ಹೊಳಿ ದಾಟಿ ಬಂದಾಕಿ ಕತ್ತಿಗೋಡಿ.
ದೋಣ್ಯಾಗ ಸಾತವ್ವ, ನೀರಾಗ ಎಮ್ಮಿ,
ಹಗ್ಗದ ಈ ತುದಿ ಮದುಮಗಳ ಮುಂಗೈಗೆ.
ಕೋಡು ಅಂದ್ರ ಹೆಗಲ ದಾಟಿ ಬೆನ್ನ ತನಕ,
ಬಾಗಲದಾಗ ಅಡ್ಡ ಹಾಸಿ ಒಳಗ ಬಂತಂತ.
ಆಗ ಹಾಲ ಮಾರತಿದ್ದಿಲ್ಲ. ಮಾರಿದರ ಕೂಸು ಮಾರಿದಂಗ.
ಮಜ್ಜಿಗಿ ಕೇಳಿದವರಿಗೆಲ್ಲ ಕೊಡತಿದ್ದರು,
ಹೊತ್ತು ಮುಣಗಿದ ಮ್ಯಾಲ ಮಾತ್ರ ಇಲ್ಲ.

ಕತ್ತಿಗೋಡಿ ಮೊಮ್ಮಗಳು ಬಾಳಿ.
ಈರಗೊಂಡ ಅಂದೆಲಾ, ಅಂವ ಕುಸ್ತ್ಯಾಗ ಸೊಂಟ ಮುರಕೊಂಡು
ವರ್ಷಗಟ್ಟಲೆ ಜಂತಿ ಎಣಸಕೋತ ಮಲಗಿದಾಗ
ನಮ್ಮಾಯಿ ತಂಗೆವ್ವ, ನಸುಕಿನ್ಯಾಗ, ಸೆರಗಿನ್ಯಾಗ ಮುಚ್ಚಿ,
ಮಗ್ಗದವರು ಚಹಾ ಕುಡಿಯೋ ರಬಕವಿ ಅಂಗಡಿಗೆ
ಒಂದು ತಂಬಿಗಿ ಹಾಲ ಕೊಟ್ಟು ಬಂದಳು,
ಕಳವು ಮಾಡಿದವರಂಗ.
ಅತ್ತಿ ಸಾತವ್ವ ಮೂರು ದಿನ ಮಾತಾಡಲಿಲ್ಲ.
ನಾಲ್ಕನೆ ದಿನ ತಾನ ಕೇಳಿದಳು: "ಎಷ್ಟು ಕೊಟ್ಟಾ?"
ಅವತ್ತಿನಿಂದ ಅಡಗಿಮನಿ ಗ್ವಾಡಿಗೆ ಇದ್ದಲಿ ಚುಕ್ಕಿ, ಸೇರಿಗೊಂದು.
ದೀಪಾವಳಿ ಸುಣ್ಣ ಆ ಮೂಲಿ ಮುಟ್ಟತಿದ್ದಿಲ್ಲ.

ಬಾಳಿ ಮಗಳು ಸುಳಿಗಣ್ಣಿ.
ಆಮ್ಯಾಲ ಏಳೆಂಟು ಮಂದಿ, ಹೆಸರ ಮರತೀನಿ,
ಅವರ ಪಾಪ ನನಗ.
ನಮ್ಮವ್ವನ ಕಾಲಕ್ಕ ಸಂಘ ಬಂತು, ಗಾಜಿನ ನಳಿಗಿ, ಫ್ಯಾಟು.
ಏಳು ಮುಟ್ಟಿದ ದಿನ ಅವ್ವ ಓಣಿ ತುಂಬ ಹೇಳಕೋತ ಹೋದಳು.
ನಾ ಮೆಟ್ರಿಕ್ ಫೇಲಾಗಿದ್ದು ಅದ ವಾರ,
ಅದನ್ಯಾರೂ ಕೇಳಲಿಲ್ಲ.

ಈಗಿನಾಕಿ ಇಕಿ, ತಾರಿ.
ಅಪ್ಪ ಯಾರಂತ ಕೇಳಬ್ಯಾಡ:
ಡಾಕ್ಟರ ಡಬ್ಬ್ಯಾಗ, ಥಂಡಿ ಹೊಗಿಯೊಳಗ,
ಕಡ್ಡಿಯಷ್ಟು ಆಗಿ ಬಂದಾಂವ,
ಮಾರಿ ಕಂಡವರಿಲ್ಲ.
ಕಿವಿ ನೋಡು, ಹಳದಿ ಬಿಲ್ಲಿ, ಹನ್ನೆರಡು ಅಂಕಿ.
ಸರಕಾರ ಬರಕೊಂಡೈತಿ, ನಿನಗೇನ ಧಾಡಿ?

"ಪದ್ಧತಿ ಇಲ್ಲಕ್ಕಾ" ಅಂದ, ಹೊತ್ತಿಗಿ ಕಟ್ಟಿದ.
ಒಂದು ಚೀಲ ಜೋಳ ಕೊಟ್ಟೆ, ಒಂದು ತಂಬಿಗಿ ತುಪ್ಪ.
ನಮ್ಮಪ್ಪ ಇದ್ದಾಗ ಹೋರಿ ಕೊಟ್ಟಿದ್ದ, ಅದೂ ನೆನಪು ಮಾಡಿದ.
ಗಾಡಿಗೆ ಮೂರು ಸಲ ಒದ್ದ. ಹತ್ತಲಿಲ್ಲ.
ಇಳಿದು ಬಂದು ಹೊತ್ತಿಗಿ ಬಿಚ್ಚಿ,
ಹಿಂದಿನ ರಟ್ಟಿನ ಒಳಮೈ ತಗದ,
ಅವನ ಉದ್ರಿ, ಫೋನ್ ನಂಬರ್ ಗೀಚಿದ್ದ ಜಾಗ.
"ಮೊದಲನೆಕಿ ಯಾರಂದಿ?"

ಏಳಕ್ಕ ಡೇರಿ ಬಾಗಲಾ ಹಾಕತಾರ,
ದಾರಿ ಮ್ಯಾಲ ಹೇಳತೀನಿ ನಡಿ ಅಂದೆ.
ಜೋಳದ ಚೀಲ ಕಟ್ಟಿ ಮ್ಯಾಲ ಉಳೀತು, ಆಮ್ಯಾಲ ಒಯ್ಯತಾನ.
ಟಾಕಿ ಮ್ಯಾಲ ಕ್ಯಾನು, ಹಿಂದ ನಾನು, ತೊಡಿ ಮ್ಯಾಲ ಹೊತ್ತಿಗಿ.
ಕಬ್ಬಿನ ಹೊಲದ ತಿರುವಿನ್ಯಾಗ, ಗಾಳಿಗೆ ಮಾರಿ ಕೊಟ್ಟು,
ಒದರಿ ಕೇಳಿದ: "ಸುಳಿಗಣ್ಣಿ ಯಾರ ಮಗಳಕ್ಕಾ?"
"ಬಾಳಿ ಮಗಳು" ಅಂದೆ.
"ಸಾವಕಾಶ ಹೊಡಿ, ಹಾಲು ತುಳುಕತಾವು."