ಪಾಲಿನವಳು

ನನ್ನ ಹೆಸರು ಗರುಫಾಲಿಯಾ.
ಆಶಿಂಗ್ಟನ್ನಿನ ಬಾಯಿಗಳಿಗೆ ಅದು ಇಡಿಯಾಗಿ ಹಿಡಿಯಲಿಲ್ಲ,
ತುದಿ ಬುಡ ಕತ್ತರಿಸಿ ‘ಫಾಲಿ’ ಅಂದರು.
ಇಪ್ಪತ್ತಾರು ವರ್ಷ ಈ ಕಟ್ಟೆಯ ಹಿಂದೆ ನಿಂತು
ಮೀನು ಕರಿದಿದ್ದೇನೆ, ಆಲೂಗಡ್ಡೆ ಹೆಚ್ಚಿದ್ದೇನೆ,
ಗಣಿ ಮುಚ್ಚಿದರೂ ಗಣಿಯ ಕೆಮ್ಮು ಬಿಡದವರಿಗೆ
ಉಪ್ಪು, ವಿನೆಗರ್ ಚಿಮುಕಿಸಿ ಪೊಟ್ಟಣ ಕಟ್ಟಿದ್ದೇನೆ.

ಶುಕ್ರವಾರ ಐದೂ ಕಾಲಿಗೆ ಕತ್‌ಬರ್ಟ್ ಸ್ಟಾಬ್ಸ್.
ಹ್ಯಾಡಕ್ ಒಂದು, ಬಟಾಣಿ ಬೇಡ.
“ಈ ಮೊಣಕಾಲು ನನ್ನ ನೆಮೆಸಿಸ್ ಕಣೇ ಫಾಲಿ.”
ಮರುವಾರ, ಪಾರ್ಕಿಂಗ್ ಚೀಟಿ ಬರೆಯುವ ಹುಡುಗಿ ನೆಮೆಸಿಸ್.
ಆಮೇಲೆ ಕೊತ್ತಂಬರಿ ಸೊಪ್ಪು. ಸೊಸೆಯ ನಾಯಿ. ಮಾಡಿನ ಪಾರಿವಾಳ.
ಎಲ್ಲ ಋತುವಿಗೂ ಸಲ್ಲುವವನು ಮಾತ್ರ ಆಲ್ವಿನ್ ಹೆಡ್ಲಿ,
ಬೇಲಿಯಾಚೆಯ ತೋಟದವನು,
ಮೂರು ವರ್ಷದಿಂದ ಸೆಪ್ಟೆಂಬರಿನ ಬಟ್ಟಲು ಗೆದ್ದವನು.

ಬಟ್ಟಲು ಲೀಕ್ ಗಡ್ಡೆಗೆ.
ಲೀಕ್ ಅಂದರೆ ಈರುಳ್ಳಿಯ ದಾಯಾದಿ,
ಇಲ್ಲಿ ತೊಡೆಯಷ್ಟು ದಪ್ಪ ಬೆಳೆಯುತ್ತದೆ, ಬಿಯರ್ ಕುಡಿಯುತ್ತದೆ,
ರಾತ್ರಿ ಅದರ ಜೊತೆ ಗಂಡಸರು ಮಾತಾಡುತ್ತಾರೆ,
ಹೆಂಡತಿಯ ಜೊತೆ ಆಡದ್ದನ್ನೆಲ್ಲ.
ಕ್ಲಬ್ಬಿನಲ್ಲಿ ಮೇಜಿನ ಮೇಲೆ ಕರಿಬಟ್ಟೆ ಹಾಸಿ ಮಲಗಿಸಿ
ಸುತ್ತಳತೆ, ಉದ್ದಳತೆ, ಘನ ಅಂಗುಲದ ಲೆಕ್ಕ.
ಹೋದ ವರ್ಷ ಎರಡೇ ಅಂಗುಲ. ಎರಡೇ.

ನನಗೆ ಆ ಹೆಸರು ಕೇಳಿದಾಗಲೆಲ್ಲ ಆಡಿನ ವಾಸನೆ ಬರುತ್ತದೆ.
ರಾಮ್ನೂಸಿನ ಗುಡ್ಡ, ಕೆಳಗೆ ಸಮುದ್ರ,
ಅವಳ ಗುಡಿಯಲ್ಲಿ ಉಳಿದದ್ದು ಪಾಯ, ಒಂದಷ್ಟು ಕಲ್ಲು, ಓತಿಕ್ಯಾತ.
ಅಲ್ಲೇ ನಾನು ಅಜ್ಜಿಯ ಹದಿನೇಳು ಆಡು ಮೇಯಿಸಿದ್ದು.
ಗೆದ್ದೇಬಿಟ್ಟೆವು ಅಂದುಕೊಂಡು ಪರ್ಷಿಯದವರು
ವಿಜಯಕ್ಕೆ ನೆಡಲು ಅಮೃತಶಿಲೆ ಹೊತ್ತು ತಂದರಂತೆ,
ಸೋತು ಓಡುವಾಗ ಕಲ್ಲು ಭಾರವಾಯಿತಂತೆ,
ಬಿಟ್ಟುಹೋದ ಅದೇ ಬಂಡೆಯಲ್ಲಿ ಅವಳನ್ನು ಕಡೆದರಂತೆ.
ಮೇಷ್ಟ್ರು ಹೇಳುವಾಗ ನಾವು ನಕ್ಕಿದ್ದೆವು.
ಅವಳ ಮುಖದ ಒಂದು ಚೂರು ಈಗ ಲಂಡನ್ನಿನ ಗಾಜಿನೊಳಗಿದೆ.
ಒಮ್ಮೆ ಹೋಗಿ ನೋಡಿದೆ. ಮೂಗಿಲ್ಲ.
ನನ್ನನ್ನು ಗುರುತಿಸಿದಂತೇನೂ ಕಾಣಲಿಲ್ಲ.

ಈ ಸಲ ಸ್ಟಾಬ್ಸ್ ಗುರುವಾರವೇ ಬಂದ, ಬಾಗಿಲು ಹಾಕುವ ಹೊತ್ತಿಗೆ.
ಮೊಣಕಾಲಿನ ಸುದ್ದಿ ಇಲ್ಲ, ನಾಯಿಯ ಸುದ್ದಿ ಇಲ್ಲ.
ಹಣ ಚಾಚಿದ ಕೈಯಿಂದ
ಹಸಿ ಲೀಕಿನ ಘಾಟು, ಎಣ್ಣೆಯ ಹೊಗೆಯನ್ನೂ ಮೀರಿ.
ಬೆಳಿಗ್ಗೆ ಊರಿಗೆಲ್ಲ ಗೊತ್ತಾಯಿತು:
ಹೆಡ್ಲಿಯ ತೋಟದಲ್ಲಿ ರಾತ್ರಿ ಯಾರೋ ಕತ್ತಿಯಾಡಿಸಿದ್ದಾರೆ,
ಸಾಲುಸಾಲಾಗಿ, ನೀಟಾಗಿ, ಬುಡದ ಹತ್ತಿರವೇ.

ಹೆಡ್ಲಿ ಪೊಲೀಸರನ್ನು ಕರೆಯಲಿಲ್ಲ.
ಕುಯ್ದದ್ದನ್ನೆಲ್ಲ ತಳ್ಳುಗಾಡಿಯಲ್ಲಿ ಹೇರಿಕೊಂಡು
ಮನೆಮನೆಗೆ ಸಾರಿಗೆಂದು ಕೊಟ್ಟುಬಂದ.
ಸ್ಟಾಬ್ಸನ ಬಾಗಿಲಿಗೂ ಎರಡು ಇಟ್ಟ,
ಅಂಗಡಿಗೆ ನನಗೊಂದು.

ಶನಿವಾರ ಬಟ್ಟಲು ಸ್ಟಾಬ್ಸನಿಗೆ ಬಂತು.
ಅಳೆಯುವವನು ಎರಡು ಸಲ ಅಳೆದು ಅಂಕಿ ಓದಿದ.
ಕುರ್ಚಿ ಸರಿಸಿದ ಸದ್ದು. ಒಂದು ಕೆಮ್ಮು.
ಯಾರೋ ಚಪ್ಪಾಳೆ ಶುರು ಮಾಡಿ, ಅಕ್ಕಪಕ್ಕ ನೋಡಿ, ಕೈ ಜೇಬಿಗಿಳಿಸಿದರು.

ಮುಂದಿನ ಶುಕ್ರವಾರ ಐದೂ ಕಾಲು.
“ಫಾಲಿ, ಆ ಪದ ನಿಮ್ಮದಲ್ಲವಾ? ನಿಜವಾಗಿ ಏನರ್ಥ?”
ಶತ್ರುವಲ್ಲ, ಅಂದೆ. ಎದುರಾಳಿಯೂ ಅಲ್ಲ.
ನೇಮೊ ಅಂತೊಂದು ಹಳೆಯ ಕ್ರಿಯಾಪದ ನಮ್ಮಲ್ಲಿ:
ಹಂಚು, ಅವರವರ ಪಾಲು ಅವರವರಿಗೆ ಅಳೆದು ಕೊಡು.
ಆಡು ಮೇಯಿಸುವುದಕ್ಕೂ ಅದೇ ಮಾತು.
ಅವಳ ಕೈಯಲ್ಲೊಂದು ಅಳತೆಗೋಲಿತ್ತು.
“ಅಷ್ಟೇನಾ?”
ಅಷ್ಟೇ.

ಸಟ್ಟುಗ ತುಂಬಿದೆ. ಮೀನು ಇಟ್ಟೆ.
ಇಪ್ಪತ್ತಾರು ವರ್ಷದ ರೂಢಿಗೆ ಕೈ ತಾನಾಗಿ
ಕರಿದ ಹಿಟ್ಟಿನ ಗರಿಗರಿ ಚೂರಿನ ತಟ್ಟೆಯತ್ತ ಹೋಯಿತು,
ಅವನಿಗೆಂದೇ ಬಿಟ್ಟಿ ಹಾಕುವ ಒಂದು ಹಿಡಿ.
ಅರ್ಧದಲ್ಲಿ ನಿಂತಿತು. ನಾನು ನಿಲ್ಲಿಸಿದೆನೋ ಏನೋ.
ಅವನೂ ನೋಡಿದ.
ಕಾಗದ ಮಡಿಚಿದೆ, ಚಿಲ್ಲರೆ ಕೊಟ್ಟೆ.
ದೀಪದ ಕೆಳಗೆ ಅಂಗೈ ಬಿಡಿಸಿ
ಅವನು ಎಣಿಸಿಕೊಂಡ,
ಮೊದಲ ಸಲ.