ಕಿಲೋಮೀಟರು ಹದಿನಾಲ್ಕು, ಹದಿನೈದು

ನೂರು ಮೀಟರಿಗೊಮ್ಮೆ ಕಾರು ನಿಲ್ಲಿಸುತ್ತಾನೆ ಕಾಯ್ತಾನ್.
ನಾನಿಳಿದು ಗಾಲಿಕೋಲು ಉರುಳಿಸುತ್ತ
ಅಂಚಿನಿಂದ ಮರಕ್ಕೆಷ್ಟು, ಮರದಿಂದ ಗಟಾರಕ್ಕೆಷ್ಟು
ಬರೆದುಕೊಳ್ಳುತ್ತೇನೆ.
ಫೋಂಡೆಯಿಂದ ಇಳಿದು ಬರುವ ಈ ರಸ್ತೆಗೆ
ಒಂದರಿಂದ ಐದರವರೆಗೆ ನಕ್ಷತ್ರ ಕೊಡಬೇಕು,
ಬೈನಾದ ಕನ್ನಡ ಶಾಲೆಯಲ್ಲಿ ನೀಲವ್ವ ಟೀಚರು
ಕಾಪಿ ಬರಹಕ್ಕೆ ಕೊಡುತ್ತಿದ್ದ ಹಾಗೆ.

ತಿರುವು: ಕಡಿದು. ಇಳಿಜಾರು: ಆರು ಪರ್ಸೆಂಟು.
ಬಿಳಿಗೆರೆ: ಒಂದು ಕಾಲಕ್ಕೆ ಇತ್ತು ಅನ್ನುವಷ್ಟು.
ಮಳೆಮರದ ಸೊಂಟಕ್ಕೆ ಬಳಿದ ಸುಣ್ಣದ ಮೇಲೆ
ಯಾವುದೋ ಸ್ಕೂಟರಿನ ನೀಲಿ,
ಅದರ ಮೇಲೆ ಇನ್ನಾವುದೋ ಟೆಂಪೊದ ಹಳದಿ.
ಮರಕ್ಕೆ ಕಾಲಂ ಇದೆ.
ಬಣ್ಣಕ್ಕೆ ಇಲ್ಲ.

ಪಂಕ್ಚರ್ ಅಂಗಡಿಯ ಮೌಲಾಲಿ ಸವಣೂರಿನವನು.
ನನ್ನ ಮೊದಲ ‘ಏನ್ರಿ’ಗೇ ಗುರುತು ಹಿಡಿದು
ಸ್ಟೂಲು ಒರೆಸಿ ಕೊಟ್ಟ.
“ಮಳಿ ಹತ್ತಿದ ಮೊದಲನೇ ದಿನ ಬರ್ರಿ ಅಕ್ಕಾರ.
ಆಮ್ಯಾಲ ಎಲ್ಲಾರೂ ಶಾಣ್ಯಾ ಆಗತಾರ.
ಅದೊಂದು ದಿನ
ಡಾಂಬರು ಎಣ್ಣಿ ಕಾರತೈತಿ.”
ಗ್ರೀಸಿನ ಡಬ್ಬಿಯಲ್ಲಿ ಕೂಡಿಟ್ಟದ್ದು ಸುರುವಿದ:
ಇಂಡಿಕೇಟರಿನ ಕಿತ್ತಳೆ ಚೂರು, ಬ್ರೇಕಿನ ಹಿಡಿ,
ಒಂದು ಕಾಲುಂಗುರ.
“ಇದನ್ನ ಕೇಳಾಕ ಯಾರೂ ಬಂದಿಲ್ಲ.”

ಹದಿನಾಲ್ಕಕ್ಕೆ ಒಂದೇ ನಕ್ಷತ್ರ. ಕೈ ಅನುಮಾನಿಸಲಿಲ್ಲ.

ಹದಿನೈದಕ್ಕೆ ಪೊಲೀಸು ಕಡತದಲ್ಲಿ ಸೊನ್ನೆ.
ಮೂರು ವರ್ಷ, ಸತ್ತವರು ಸೊನ್ನೆ, ಕೈಕಾಲು ಮುರಿದವರು ಸೊನ್ನೆ.
ನಾಲ್ಕು ಲೇನು, ಹೊಸ ಡಾಂಬರು, ನೂಲು ಹಿಡಿದಂಥ ನೇರ.
ಕಾಯ್ತಾನನ ಕಾಲು ತಂತಾನೇ ಎಂಬತ್ತಕ್ಕೆ ಒತ್ತುತ್ತದೆ.
“ಇದಕ್ಕೆ ಐದೂ ಕೊಡು ಬಾಯ್, ಊಟಕ್ಕೆ ಹೋಗುವಾ.”

ಎಡಕ್ಕೆ ಶಾಲೆ. ಬಲಕ್ಕೆ ವಾಡೊ.
ನಡುವೆ ಒಂದು ನಾಯಿಯೂ ಇಲ್ಲ.
ನಿಲ್ಲಿಸು ಅಂದೆ.

ಮೀನು ಬುಟ್ಟಿಯ ಶೆವಂತಿ
ಅರ್ಧ ಕೊಂಕಣಿಯಲ್ಲಿ, ಅರ್ಧ ಕೈಯಲ್ಲಿ ಹೇಳಿದಳು:
ದಾಟುವುದೇ? ಇದನ್ನೇ?
ಮಕ್ಕಳನ್ನು ಮಡಗಾವಿಗೆ ಹಾಕಿ ಆಯಿತು, ವ್ಯಾನು ಬರುತ್ತದೆ.
ಈ ಶಾಲೆಯಲ್ಲಿ ಈಗ ಪಂಚಾಯ್ತಿಯವರ ಕುರ್ಚಿ ಇಟ್ಟಿದ್ದಾರೆ.
ಅಗೋ ಆ ಹಸಿರು ಬಾಗಿಲು ನನ್ನ ತಂಗಿಯದು.
ದಿನಾ ಸಂಜೆ ಫೋನಿನಲ್ಲಿ ಮಾತಾಡುತ್ತೇವೆ,
ಅವಳು ಅಲ್ಲಿ ನಿಂತು, ನಾನು ಇಲ್ಲಿ ನಿಂತು.

ಸೊನ್ನೆ ಅಂದರೆ ಏನೂ ಆಗಿಲ್ಲವೆಂದು
ಯಾರು ಕಲಿಸಿದರೋ ನನಗೆ.
ಇಲ್ಲಿ ಆಗಿದೆ.
ಜನ ಸಾಯುವ ಮೊದಲೇ ಹೊರಟುಹೋಗಿದ್ದಾರೆ,
ರಸ್ತೆ ತನ್ನ ಶುಭ್ರ ಅಂಕಪಟ್ಟಿ ಹಿಡಿದು ಮಲಗಿದೆ.

ನನ್ನ ಹೊಳೆಯುವ ಜಾಕೀಟು ನೋಡಿ ಶೆವಂತಿಗೆ ಏನನಿಸಿತೋ,
ತೇಗದೆಲೆಯಲ್ಲಿ ಆರು ಬಂಗುಡೆ ಸುತ್ತಿ ಕೈಗಿಟ್ಟಳು.
“ನೀನು ಸರಕಾರದವಳಲ್ಲವಾ. ಕೊಟ್ಟು ಬಾ.”

ಸರಕಾರದವಳಲ್ಲ, ಗುತ್ತಿಗೆಯವಳು, ಎಂದು
ಹೇಳುವಷ್ಟರಲ್ಲಿ ಎರಡು ಲೇನು ದಾಟಿದ್ದೆ.
ಹಿಂದೆ ಕಾಯ್ತಾನ್ ಕೂಗುತ್ತಿದ್ದ, ಏನೆಂದು ಕೇಳಿಸಲಿಲ್ಲ.
ಡಿವೈಡರಿನ ಮೇಲೆ ನಿಂತು, ಬಗಲಲ್ಲಿ ಪ್ಯಾಡು,
ಪೆನ್ನಿನ ಮುಚ್ಚಳ ಹಲ್ಲಿನಿಂದ ತೆಗೆದು
‘ಪಾದಚಾರಿಗಳು’ ಎಂಬಲ್ಲಿ
ಒಂದು ಎಂದು ಬರೆದೆ.

ಮೀನಿನ ನೀರು ಮೊಣಕೈಗೆ ಇಳಿಯುತ್ತಿದೆ.
ಹಸಿರು ಬಾಗಿಲು ತೆರೆದು ಯಾರೋ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದಾರೆ.
ಲಾರಿ.
ಇನ್ನೊಂದು ಲಾರಿ.